ವರದಿಯಲ್ಲಿ ಬರೆಯದೆ ಬಿಟ್ಟ ಸೀಟಿ

ಮಾನ್ಯ ಓದುಗರಲ್ಲಿ ವಿನಯಪೂರ್ವಕ ವಿನಂತಿ. ನನ್ನ ಅಕ್ಷರ ದುಂಡಗಿಲ್ಲ. ಕಾಗುಣಿತದಲ್ಲಿಯೂ, ವಿಶೇಷವಾಗಿ ಮಹಾಪ್ರಾಣಗಳಲ್ಲಿ, ದೋಷಗಳಿರುವ ಸಂಭವವಿದೆ. ಮೊದಲಿಗೇ ಕ್ಷಮೆ ಕೋರುತ್ತೇನೆ. ಬ್ಯಾಡಗಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಬಹಳ ವರ್ಷ ಪಾಠ ಹೇಳಿದ್ದರೂ ಅರ್ಜಿ, ವರದಿ, ರಜೆಚೀಟಿಗಳ ಹೊರತು ನಾನು ಬೇರೇನನ್ನೂ ಬರೆದವಳಲ್ಲ. ಈ ಬರಹವೂ ಅರ್ಜಿಯಂತೆ ಕಂಡರೆ ಅದನ್ನು ಕೈಯ ಅಭ್ಯಾಸವೆಂದು ಪರಿಗಣಿಸಬೇಕು.

ಕಳೆದ ಸೋಮವಾರ ಹಾವೇರಿ ಬಸ್ ನಿಲ್ದಾಣದ ಹೊರಗೆ ಒಬ್ಬಾತ ಅಲ್ಯುಮಿನಿಯಂ ಬೋಗುಣಿಯಲ್ಲಿ ಹೆಜ್ಜೇನಿನ ಹುಟ್ಟು ಇಟ್ಟುಕೊಂಡು ಕುಳಿತಿದ್ದನು. ಹೊಗೆ, ಮೇಣ, ಹಸಿ ಸೊಪ್ಪು ಕೂಡಿದ ವಾಸನೆ. "ತಗೋರಿ ಅಕ್ಕಾರ, ಖರೇ ಜೇನು, ಸಕ್ಕರಿ ಪಾಕ ಅಲ್ಲ" ಎಂದನು. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕಾರ ಎನ್ನುತ್ತಾರೆ. ನಿವೃತ್ತಳಾಗಿ ಇಷ್ಟು ಕಾಲವಾದರೂ ಅವನಿಗೆ ಹೇಗೆ ಗೊತ್ತಾಯಿತೋ ತಿಳಿಯದು. ನನ್ನ ಕೊಡೆಯೇ ಚಾಡಿ ಹೇಳಿರಬೇಕು. ಜೇನು ಕೊಳ್ಳಲಿಲ್ಲ. ಸಿಮೆಂಟಿನ ಕಟ್ಟೆಯ ಮೇಲೆ ಕುಳಿತೆ. ನಾನು ಹತ್ತಬೇಕಾದ ಬಸ್ಸು ಬಂದು, ನಿಂತು, ಹೋಯಿತು.

ಆ ವಾಸನೆ ನೆನಪಿಗೆ ತಂದ ಸಂಗತಿ ನಡೆದಾಗ ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಗಳಾಗಿದ್ದವು. ನಮ್ಮ ಶಾಲೆಯಲ್ಲಿ ಮೊಬೈಲ್ ಫೋನು ಮುಖ್ಯೋಪಾಧ್ಯಾಯರ ಕಿಸೆಯಲ್ಲಿ ಮಾತ್ರ ಇದ್ದ ಕಾಲ. ಹುಡುಗಿಯರನ್ನು ಊರ ಹೊರಗೆ ನಡಿಗೆಗೆ, ಅಡಿಗೆಗೆ, ಗಿಡಮರ ಗುರುತಿಸಲು ಕರೆದೊಯ್ಯುವ ಸಂಚಾರ ದಳವೊಂದಿತ್ತು. ಅದಕ್ಕೆ ನಾನು ಮತ್ತು ಹೊಲಿಗೆ ಶಿಕ್ಷಕಿ ಗಿರಿಜಾ ಇಬ್ಬರೂ ನಾಯಕಿಯರು. ಗಿರಿಜಾ ಮೋಟೆಬೆನ್ನೂರಿನ ಒಕ್ಕಲು ಮನೆತನದವಳು, ನನಗಿಂತ ಎರಡು ವರ್ಷ ಚಿಕ್ಕವಳು. ಆದ ಕಾರಣ ಇಲ್ಲಿ ಏಕವಚನ ಬಳಸಿದ್ದೇನೆ. ಮಧ್ಯಾಹ್ನ ನಾವಿಬ್ಬರೂ ಒಂದೇ ಡಬ್ಬಿಯ ಮುಚ್ಚಳದಲ್ಲಿ ಶೇಂಗಾ ಚಟ್ನಿ ಹಂಚಿಕೊಂಡು ಉಣ್ಣುತ್ತಿದ್ದೆವು. ನನಗೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ದಿನದಲ್ಲಿ ಒಬ್ಬರೊಡನೆ ಕೂಡಿ ಉಣ್ಣುವುದೆಂದರೆ ಅದೊಂದೇ.

ದಳಕ್ಕೆ ಸುರಕ್ಷಾ ನಿಯಮಗಳ ಕಿರುಪುಸ್ತಕವಿತ್ತು. ಅದು ನನಗೆ ಬಾಯಿಪಾಠ. ಅಪಾಯ ಕಂಡಲ್ಲಿ ನಾಯಕಿ ಮೂರು ಸಲ ಸೀಟಿ ಊದತಕ್ಕದ್ದು. ಎಲ್ಲರೂ ಓಡಿಬಂದು ಸಾಲಾಗಿ ನಿಲ್ಲತಕ್ಕದ್ದು. ಎಣಿಕೆ ಮುಗಿಯುವ ತನಕ ಯಾರೂ ಕದಲತಕ್ಕದ್ದಲ್ಲ. ಚದುರಿ ಅಡಗಿದವರಿದ್ದರೆ ಮತ್ತೆ ಸೀಟಿಯಾಗುವ ತನಕ ಇದ್ದಲ್ಲೇ ಇರತಕ್ಕದ್ದು. ಇದನ್ನು ಶಾಲೆಯ ಅಂಗಳದಲ್ಲಿ ಎಷ್ಟು ಸಲ ಮಾಡಿಸಿದ್ದೆನೆಂದರೆ, ಮೆಣಸಿನಕಾಯಿ ಸುಗ್ಗಿಯಲ್ಲಿ ಇಡೀ ಊರು ಸೀನುವಾಗಲೂ ನಮ್ಮ ಹುಡುಗಿಯರು ಸಾಲು ಕೆಡದೆ ಸೀನುತ್ತಿದ್ದರು. ಗಿರಿಜಾ ಮೆಟ್ಟಿಲ ಮೇಲೆ ಕುಳಿತು ನಗುತ್ತಿದ್ದಳು. "ಪುಸ್ತಕ ಓದವ್ವ, ಬ್ಯಾಡ ಅನ್ನಂಗಿಲ್ಲ. ಆದ್ರ ನಡಬರಕ ತಲಿ ಎತ್ತಿ ನೋಡು."

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಐರಣಿಯ ಕಡೆ ಹೊಳೆ ದಂಡೆಗೆ ಹೋದೆವು. ಮೂವತ್ತೆರಡು ಹುಡುಗಿಯರು. ದಂಡೆಯ ದೊಡ್ಡ ಆಲದ ಮರದಲ್ಲಿ ಹೆಜ್ಜೇನು ಕಟ್ಟಿದ್ದನ್ನು ನೋಡಿ ದೂರವೇ ಬುತ್ತಿ ಬಿಚ್ಚಿದೆವು. ಒಬ್ಬಳು ಅಂಜಿದಾಗ ಗಿರಿಜಾ, "ನಾವು ಬ್ಯಾಡಗಿಯವರು. ಕಡದ್ರ ಖಾರ ಹತ್ತಿ ಅದ ಓಡತೈತಿ" ಎಂದಳು. ಎಲ್ಲರೂ ನಕ್ಕರು. ಸ್ವಲ್ಪ ಹೊತ್ತಿಗೆ ಹದ್ದೊಂದು ಹುಟ್ಟಿಗೆ ಎರಗಿತು. ಮರವೇ ಗುಂಯ್ ಎಂದಿತು.

ನಾನು ಸೀಟಿ ಊದಿದೆ. ಮೂರು ಸಲ, ನಿಯಮದಂತೆ.

ಹುಡುಗಿಯರು ಓಡಿಬಂದು ಸಾಲು ನಿಂತರು. ನಾನು ಎಣಿಸತೊಡಗಿದೆ. ಹುಳುಗಳು ಮೇಲೆ ಬಿದ್ದಾಗಲೂ ಮುಂದಿನ ನಾಲ್ವರು ಸಾವಧಾನದಲ್ಲಿ ನಿಂತಿದ್ದರು. ಕೈ ಎತ್ತಿ ಮುಖ ಸಹ ಮುಚ್ಚಿಕೊಳ್ಳಲಿಲ್ಲ. ಎತ್ತಬಾರದೆಂದು ಕಲಿಸಿದವಳು ನಾನು. ಗಿರಿಜಾ ಹಿಂದಿನಿಂದ ಬಂದು ಸಾಲನ್ನು ಎರಡೂ ಕೈಯಿಂದ ಒಡೆದಳು. "ನಿಂದರಬ್ಯಾಡ್ರಿ, ಚದುರ್ರಿ. ಹೊಳಿ ಕಡೆ ಹೋಗಬ್ಯಾಡ್ರಿ, ಹೊಲದಾಗ ಹೊಕ್ಕೋರಿ, ಮಾರಿ ಮುಚಗೋರಿ" ಎಂದು ಕೂಗುತ್ತ ಗೋವಿನಜೋಳದ ಹೊಲಕ್ಕೆ ಅಟ್ಟಿದಳು. ಆಳೆತ್ತರದ ಬೆಳೆ ಎಲ್ಲರನ್ನೂ ನುಂಗಿಕೊಂಡಿತು.

ಹುಳುಗಳ ಸದ್ದು ಅಡಗಿದ ಮೇಲೆ ಹೆಸರು ಹಿಡಿದು ಕೂಗಿ ಎಲ್ಲರನ್ನೂ ರಸ್ತೆಗೆ ಸೇರಿಸಿದೆವು. ಮೂವತ್ತೊಂದು. ಎಂಟನೆಯ ತರಗತಿಯ ರೇಣುಕಾ ಇಲ್ಲ. ಹೆಚ್ಚು ಕಡಿಸಿಕೊಂಡ ನಾಲ್ವರನ್ನು ಗಿರಿಜಾ ಯಾರದೋ ಟ್ರ್ಯಾಕ್ಟರಿನಲ್ಲಿ ರಾಣೆಬೆನ್ನೂರಿನ ಆಸ್ಪತ್ರೆಗೆ ಕರೆದೊಯ್ದಳು. ಉಳಿದವರನ್ನು ರಸ್ತೆಯ ಬದಿಯಲ್ಲಿ ಕೂಡಿಸಿ ನಾನು ಎರಡು ತಾಸು ಹೊಲದ ಬದುವಿನ ಮೇಲೆ ರೇಣುಕಾ, ರೇಣುಕಾ ಎಂದು ಕೂಗುತ್ತ ತಿರುಗಿದೆ. ಹೊಳೆಯ ಕಡೆಗೆ ನೋಡಲು ಧೈರ್ಯವಾಗಲಿಲ್ಲ. ಕೊನೆಗೆ ಆಚೆ ಬದುವಿನ ಗುಡಿಸಲಿನಲ್ಲಿ ಸಿಕ್ಕಳು. ಒಬ್ಬ ಮುದುಕಿ ಅವಳ ಕೆನ್ನೆಗೆ ಸುಣ್ಣ ಹಚ್ಚಿ ರೊಟ್ಟಿ ಕೊಟ್ಟು ಕೂಡಿಸಿದ್ದಳು.

"ಕೂಗಿದ್ದು ಕೇಳಲಿಲ್ಲೇನು?" ಎಂದೆ.

"ಕೇಳಿಸ್ತ್ರಿ ಅಕ್ಕಾರ. ಸೀಟಿ ಆಗಲಿಲ್ಲಲ್ರಿ. ಸೀಟಿ ಆಗೂಮಟ ಏಳಬಾರದು ಅಂತ ನೀವ ಹೇಳೀರಿ."

"ನಾ ಏಳ ಅಂತ ಹೇಳೇ ಹೇಳಿದ್ನಿ. ಕೇಳಬೇಕಲ್ಲ ಈಕಿ" ಎಂದಳು ಮುದುಕಿ.

ಸೀಟಿ ನನ್ನ ಕೊರಳಲ್ಲೇ ಇತ್ತು. ಊದಬಾರದಾಗ ಊದಿದ್ದೆನೆಂಬ ನಾಚಿಕೆಗೆ, ಊದಬೇಕಾದಾಗ ಅದನ್ನು ಬಾಯಿಗೆ ಇಟ್ಟಿರಲಿಲ್ಲ.

ಎಲ್ಲರೂ ಗುಣವಾದರು. ಆದರೆ ಪಾಲಕರು ಕೇಳಿದರು, ಮೇಲಿನವರು ವರದಿ ಕೇಳಿದರು. ನಮೂನೆಯಲ್ಲಿ ಎರಡು ಅಂಕಣಗಳಿದ್ದವು: ಉಲ್ಲಂಘನೆಯಾದ ನಿಯಮ, ಉಲ್ಲಂಘಿಸಿದವರು. ನಾನು ಬರೆದೆ: ಎಣಿಕೆ ಮುಗಿಯುವ ಮುನ್ನವೇ ಶ್ರೀಮತಿ ಗಿರಿಜಾ ಇವರು ಮಕ್ಕಳನ್ನು ಚದುರಿಸಿದ್ದರಿಂದ ಓರ್ವ ವಿದ್ಯಾರ್ಥಿನಿಯು ಎರಡು ತಾಸು ಕಾಣೆಯಾಗಿದ್ದಳು. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಸೀಟಿಯ ಬಗ್ಗೆ ಅಂಕಣವಿರಲಿಲ್ಲ, ನಾನೂ ಬರೆಯಲಿಲ್ಲ. ಕೆಲಸದ ಮೇಲೆ ಕಪ್ಪು ಚುಕ್ಕೆ ಬಿದ್ದೀತೆಂಬ ಭಯ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಗಿರಿಜಾಳನ್ನು ದಳದಿಂದ ತೆಗೆದರು. ಮಕ್ಕಳನ್ನು ಹೊರಗೆ ಕರೆದೊಯ್ಯಲು ಅವಳು ಅನರ್ಹಳೆಂದು ಆದೇಶ ಬಂದಿತು. ಆದೇಶದ ಪ್ರತಿಯನ್ನು ಓದಿ, ಮಡಚಿ, ಹೊಲಿಗೆ ಡಬ್ಬಿಯಲ್ಲಿಟ್ಟುಕೊಂಡು, ನನ್ನ ಮೇಜಿನ ಹತ್ತಿರ ಬಂದಳು.

"ಒಂದರ ಸುಳ್ಳ ಬರದಿದ್ರ ನಿಮ್ಮ ಜೋಡಿ ಜಗಳಾನರ ಆಡತಿದ್ದೆ. ಅದಕ್ಕೂ ಜಾಗಾ ಇಟ್ಟಿಲ್ಲ ನೀವು."

ಮರುದಿನದಿಂದ ಹೊಲಿಗೆ ಕೋಣೆಯಲ್ಲಿ ಉಣ್ಣತೊಡಗಿದಳು. ವರ್ಷದೊಳಗೆ ವರ್ಗ ಮಾಡಿಸಿಕೊಂಡು ರಾಣೆಬೆನ್ನೂರಿಗೆ ಹೋದಳು. ನಾನು ನಿವೃತ್ತಿಯ ತನಕ ದಳವನ್ನು ನಡೆಸಿದೆ. ಯಾವ ಅವಘಡವೂ ಆಗಲಿಲ್ಲ, ಏಕೆಂದರೆ ಶಾಲೆಯ ಅಂಗಳ ಬಿಟ್ಟು ನಾನು ಎಲ್ಲಿಗೂ ಹೋಗಲಿಲ್ಲ. ಹುಡುಗಿಯರು ಸಾಲು ನಿಲ್ಲುತ್ತಿದ್ದರು, ಎಣಿಕೆ ಸರಿಯಾಗುತ್ತಿತ್ತು. ಮೆಟ್ಟಿಲ ಮೇಲೆ ನಗುವವರು ಇರಲಿಲ್ಲ. ಎಣಿಕೆಯ ನಿಯಮ ತಪ್ಪೆಂದು ನಾನು ಇಂದಿಗೂ ಹೇಳಲಾರೆ. ರೇಣುಕಾ ಇಲ್ಲವೆಂದು ತಿಳಿದದ್ದು ಅದರಿಂದಲೇ. ಯಾವ ಗಳಿಗೆಯಲ್ಲಿ ಎಣಿಸಬೇಕು ಎಂಬುದು ಪುಸ್ತಕದಲ್ಲಿರಲಿಲ್ಲ. ಅದು ಗಿರಿಜಾಳಲ್ಲಿತ್ತು.

ಕಳೆದ ಸೋಮವಾರ ಬಸ್ ನಿಲ್ದಾಣದಿಂದ ಮನೆಗೆ ಬಂದು, ಉಣ್ಣುವ ಮುನ್ನ, ಆ ವರದಿಗೆ ಸೇರಬೇಕಾಗಿದ್ದುದನ್ನು ಬರೆದೆ: ಮಕ್ಕಳನ್ನು ಹುಳುಗಳ ಕೆಳಗೆ ಸಾಲು ನಿಲ್ಲಿಸಿದವಳು ನಾನು. ರೇಣುಕಾಳನ್ನು ಕರೆಯಲು ಸೀಟಿ ಊದದವಳೂ ನಾನು. ಉಳಿದವರನ್ನು ಉಳಿಸಿದವಳು ಗಿರಿಜಾ. ಒಂದು ಪ್ರತಿಯನ್ನು ಹಳೆಯ ಶಾಲೆಗೆ, ಮತ್ತೊಂದನ್ನು ರಾಣೆಬೆನ್ನೂರಿನ ವಿಳಾಸ ಹುಡುಕಿ ಅಂಚೆಗೆ ಹಾಕಿದ್ದೇನೆ.

ಈ ಬರಹದಲ್ಲಿ ಕಂಡ ಕಾಗುಣಿತದ ತಪ್ಪುಗಳನ್ನು ಓದುಗರು ದಯಮಾಡಿ ತಿದ್ದಿಕೊಳ್ಳಬೇಕು. ಸಂಗತಿಯ ತಪ್ಪುಗಳನ್ನು ಮಾತ್ರ ಗಿರಿಜಾಳಿಗೆ ಬಿಟ್ಟಿದ್ದೇನೆ. ಕೆಂಪು ಶಾಯಿಯಲ್ಲಿ ಎಷ್ಟು ಗೀಟು ಎಳೆದು ಕಳಿಸಿದರೂ ಸರಿ, ಕಳಿಸಿದರೆ ಸಾಕು.