ನಡುಮನೆಗೆ ಬಂದ ಹಲಗೆ

ಸಿದ್ದರಾಜು ಹೋದ ಮೇಲೆ, ಈ ಸೋಮವಾರದವರೆಗೆ, ನಮ್ಮ ನಡುಮನೆ ಚೊಕ್ಕಟವಾಗಿತ್ತು. ಕುರ್ಚಿಯ ಮೇಲೆ, ಪುಸ್ತಕಗಳ ಮೇಲೆ, ಕಾಫಿ ಲೋಟದ ಅಂಚಿನಲ್ಲಿ ಎಲ್ಲೂ ಮರದ ಹೊಟ್ಟು ಇರಲಿಲ್ಲ. ಗುಡಿಸುವ ಕೆಲಸ ಕಡಿಮೆಯಾಯಿತು ಎಂದು ನನ್ನ ಹೆಂಡತಿ ರಮಾಮಣಿ ಒಂದು ದಿನವೂ ಹೇಳಲಿಲ್ಲ. ಆಷಾಢದಲ್ಲಿ ಎದೆನೋವು ಬಂದು ಹೋದವನನ್ನು ನೆನೆದು ಅಳಬೇಕೆಂದು ಕುಳಿತರೆ ನೆನಪಾಗುವುದೆಲ್ಲ ನಗುವಂಥದ್ದೇ. ಅದನ್ನೇ ಬರೆಯುತ್ತೇನೆ.

ವರುಣದ ಕಡೆಯ ಒಕ್ಕಲು ಮನೆಯವನು ಅವನು. ಮರಗೆಲಸ ಕಲಿತು, ಒಂದು ಮರದ ಮಿಲ್ಲಿನಲ್ಲಿ ವರ್ಷಗಟ್ಟಲೆ ಕೂಲಿಗಿದ್ದು, ಕೊನೆಗೆ ಅಗ್ರಹಾರದಲ್ಲಿ ಸ್ವಂತ ಅಂಗಡಿ ಇಟ್ಟ. ಮಳಿಗೆ ರಮಾಮಣಿಗೆ ತವರಿನಿಂದ ಬಂದದ್ದು. ಅದರ ಬಾಗಿಲು ಆ ಬೀದಿಗೆ, ನಮ್ಮ ಮನೆಯ ಬಾಗಿಲು ಈ ಬೀದಿಗೆ. ಮಧ್ಯೆ ಇದ್ದದ್ದು ಒಂದೇ ಗೋಡೆ. ಸಂಜೆ ಶಾಲೆಯಲ್ಲಿ ಪಾಠ ಮುಗಿಸಿ ನಾನು ಸುತ್ತಿಕೊಂಡು ಹೋಗಿ ಅಲ್ಲಿ ಕೂರುತ್ತಿದ್ದೆ. ಅವನ ಹೆಂಡತಿ ನೀಲಮ್ಮ ಹಲಗೆಯ ತುದಿ ಹಿಡಿಯುತ್ತಿದ್ದಳು, ಅವನು ಕೊಯ್ಯುತ್ತಿದ್ದ.

ಐವತ್ತೆಂಟನೇ ಇಸವಿಯ ಬೇಸಗೆಯಲ್ಲಿ ಹೊಸ ಹಾಸ್ಟೆಲ್ಲೊಂದರ ಬಾಗಿಲುಗಳ ಕೆಲಸ ಅವನಿಗೆ ಸಿಕ್ಕಿತು. ಎಲ್ಲ ಪ್ಲೈವುಡ್ಡು, ಎಂಟಡಿ ಉದ್ದ, ನಾಲ್ಕಡಿ ಅಗಲದ ಹಲಗೆಗಳು. ಕೈಗರಗಸ ಹಾಕಿದರೆ ಅಂಚಿನಲ್ಲಿ ಚಕ್ಕೆ ಏಳುತ್ತಿತ್ತು. ಕಾಲೇಜು ತೆರೆಯುವುದರೊಳಗೆ ಮುಗಿಸದಿದ್ದರೆ ಆ ಕೆಲಸ ಮಿಲ್ಲಿಗೆ ಹೋಗುತ್ತಿತ್ತು. ಅಂಗಡಿ ಮುಚ್ಚಿ, ಅದರ ಹಿಂದೆಯೇ ಅವನೂ ಮತ್ತೆ ಕೂಲಿಗೆ ಹೋಗಬೇಕಾಗುತ್ತಿತ್ತು. ಗರಗಸದ ಮಿಷನ್ನು ಕೊಳ್ಳುವುದೆಂದು ತೀರ್ಮಾನವಾಯಿತು.

ನಜರ್‌ಬಾದಿನಲ್ಲಿ ಹಳೆಯ ಯಂತ್ರಗಳನ್ನು ಮಾರುತ್ತಿದ್ದ ಚನ್ನಬಸವಯ್ಯನವರಲ್ಲಿಗೆ ಜಟಕಾದಲ್ಲಿ ಹೊರಟೆವು. ಜಟಕಾದ ಮೇಲೆ ಒಂದು ಇಡೀ ಪ್ಲೈವುಡ್ ಹಲಗೆ. ಹಗ್ಗ ಸಾಲದೆ ಒಂದು ಕಡೆ ನಾನು, ಇನ್ನೊಂದು ಕಡೆ ಅವನು ಕೈ ಹೊರಗೆ ಚಾಚಿ ಹಿಡಿದುಕೊಂಡಿದ್ದೆವು. ದೊಡ್ಡಕೆರೆ ಮೈದಾನದ ಹತ್ತಿರ ಗಾಳಿ ಬೀಸಿತು. ಹಲಗೆ ಎದ್ದಿತು, ಅದರ ಜೊತೆಗೆ ಕುದುರೆ ಕಟ್ಟಿದ್ದ ಜಟಕಾದ ಮೂಕಿಯೂ ಎದ್ದಿತು, ಕುದುರೆ ಕತ್ತು ತಿರುಗಿಸಿ ನಮ್ಮನ್ನು ನೋಡಿತು. ಜಟಕಾದವನು ಇಳಿದು ನಿಂತು, ಚಕ್ರಕ್ಕೆ ಮಾತ್ರ ಬಾಡಿಗೆ ಮಾತಾಡಿದ್ದು, ರೆಕ್ಕೆಗೆ ಬೇರೆ ಕೊಡಬೇಕು ಎಂದ.

ಹಲಗೆ ಯಾಕೆ ಹೊತ್ತು ತಂದಿರಿ ಎಂದು ಚನ್ನಬಸವಯ್ಯನವರು ಕೇಳಿದರು.

"ಹೆಣ್ಣು ನೋಡಕ್ಕೆ ಬರೋವಾಗ ಗಂಡ್ನ ಮನೇಲಿ ಬುಟ್ಟು ಬರಾಕಾಯ್ತದಾ ಬುದ್ಧೀ?" ಎಂದ ಸಿದ್ದರಾಜು.

ಇದ್ದದ್ದು ಎರಡು ಮಿಷನ್ನು. ಚಿಕ್ಕದು ಅವನ ಮಳಿಗೆಗೆ ಹೇಳಿ ಮಾಡಿಸಿದಂತಿದೆ ಎಂದು ನಾನು ಹೊಗಳಿದೆ. ಅದರ ಮೇಜು ಊಟದ ಮಣೆಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ನಾವು ತಂದ ಹಲಗೆ ಕಾಲುಭಾಗ ಹೋಗುವಷ್ಟರಲ್ಲಿ ಒಂದು ಪಕ್ಕಕ್ಕೆ ವಾಲಿತು, ತಿರುಗುವ ಗರಗಸದ ಚಕ್ರ ಸೀಳಿನಲ್ಲಿ ಸಿಕ್ಕಿಕೊಂಡಿತು, ಹಲಗೆ ಒದ್ದುಕೊಂಡು ಹಿಂದಕ್ಕೆ ಹಾರಿ ಚನ್ನಬಸವಯ್ಯನವರ ಟೋಪಿಯನ್ನು ಎಗರಿಸಿಕೊಂಡು ಹೋಯಿತು. ಅವರು ತಲೆ ಸವರಿ ನೋಡಿಕೊಂಡು, ಸಣ್ಣ ಪಟ್ಟಿಗಳಿಗಾದರೆ ಇದು ಬಹಳ ಚೆನ್ನ ಎಂದರು.

ದೊಡ್ಡದರದು ಅಗಲವಾದ ಕಬ್ಬಿಣದ ಮೇಜು. ಹಲಗೆ ವಾಲದಂತೆ ಎರಡು ಪಕ್ಕಕ್ಕೂ ಆಸರೆ, ಅಳತೆ ತಪ್ಪದಂತೆ ಅಂಚು ಒರಗಿಸಲು ಉದ್ದನೆಯ ಪಟ್ಟಿ. ಅದರ ಮೇಲೆ ಹಲಗೆ ಸಾರಿಸಿದ ನೆಲದ ಮೇಲೆ ಜಾರಿದ ಹಾಗೆ ಸಾಗಿತು. ಸಿದ್ದರಾಜು ಕೊಯ್ದ ಅಂಚಿನ ಉದ್ದಕ್ಕೂ ಬೆರಳಾಡಿಸಿದ. ಒಂದು ಚಕ್ಕೆಯೂ ಎದ್ದಿರಲಿಲ್ಲ. ಗಂಡು ಒಪ್ಪಿಬಿಟ್ಟಿತು ಎಂದು ನಗತೊಡಗಿದವನು ಅಗ್ರಹಾರ ಮುಟ್ಟುವವರೆಗೂ ನಕ್ಕ.

ಕೊಳ್ಳುವ ಮೊದಲು ಮಿಷನ್ನು ಅಳೆದಿದ್ದ, ಮಳಿಗೆಯ ಬಾಗಿಲು ಅಳೆದಿದ್ದ, ಸುತ್ತ ತಾನು ಓಡಾಡುವ ಜಾಗವನ್ನೂ ಅಳೆದಿದ್ದ. ಎಲ್ಲ ಸರಿಯಾಗಿ ಕೂತಿತು. ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು ಪೂಜೆ ಮಾಡಿದರು. ನೀಲಮ್ಮ ಬೀದಿಯಲ್ಲಿ ನಿಂತು ಹಲಗೆಯ ಬಾಲ ಹಿಡಿದಳು, ಅವನು ತಳ್ಳಿದ. ಹಲಗೆ ಅರ್ಧ ದಾಟಿತು. ಆಮೇಲೆ ದಬ್ಬೆಂದು ನಮ್ಮ ಗೋಡೆಗೆ ತಾಗಿ ನಿಂತಿತು.

ಮಿಷನ್ನು ನಿಲ್ಲಿಸಿ ಅವನು ಗೋಡೆಗೆ ತಾಗಿದ ಹಲಗೆಯ ತುದಿಯ ಮೇಲೆ ಕೈಯಿಟ್ಟ.

"ಇಷ್ಟು ದಿನ ಹಲಗೆ ಸುಮ್ಕಿರೋದು, ಗರಗಸ ಓಡಾಡೋದು. ಈಗ ಗರಗಸ ನಿಂತ್ಬುಡ್ತು, ಹಲಗೆ ಓಡಾಡ್ಬೇಕು ಕಣ್ ಮೇಷ್ಟ್ರೇ. ಅದು ಓಡಾಡೋ ಜಾಗ ನಾವ್ ಯಾರೂ ಅಳೀಲೇ ಇಲ್ವಲ್ಲ."

ನಗಲು ನೋಡಿದ; ಆಗಲಿಲ್ಲ. ಅಡ್ಡಕ್ಕೆ ತಿರುಗಿಸೋಣವೆಂದರೆ ಪಕ್ಕದ ಗೋಡೆಗಳು ಇನ್ನೂ ಹತ್ತಿರ. ಮಿಷನ್ನು ವಾಪಸು ಕೊಟ್ಟು ಮಿಲ್ಲಿಗೇ ಹೋಗುತ್ತೇನೆ ಎಂದು ಮೆಲ್ಲಗೆ ಹೇಳಿದ. ನೀಲಮ್ಮ ಹಲಗೆಯನ್ನು ಇನ್ನೂ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ರಮಾಮಣಿ ಸುತ್ತಿಕೊಂಡು ಬಂದಳು. ಗೋಡೆ ಅದುರಿ ನಮ್ಮ ಮದುವೆಯ ಫೋಟೋ ಬಿದ್ದಿತ್ತಂತೆ. ಹಲಗೆ ನೋಡಿದಳು, ಗೋಡೆ ನೋಡಿದಳು, ಅವನ ಮುಖ ನೋಡಿದಳು.

"ಎಷ್ಟು ಅಗಲ ಬೇಕು?"

"ಏನು ಅಮ್ಮಾವ್ರೇ?"

"ತೂತು ಕಣ್ರೀ. ಗೋಡೆ ನಂದೇ ತಾನೆ?"

ಮರುದಿನವೇ ಗಾರೆಯವನು ಬಂದು ಗೋಡೆಯಲ್ಲಿ ಹಲಗೆ ತೂರುವಷ್ಟು ತೂತು ಕೊರೆದ. ಆಮೇಲೆ ನಮ್ಮ ಬದುಕು ಅಂಚೆಪೆಟ್ಟಿಗೆಯ ಒಳಗೆ ಕುಳಿತಂತಾಯಿತು. "ಮೇಷ್ಟ್ರೇ, ಬತ್ತಾ ಅದೆ" ಎಂದು ಗೋಡೆಯೊಳಗಿಂದ ಕೂಗು ಬರುತ್ತಿತ್ತು. ಹಿಂದೆಯೇ ಹಲಗೆ ನಾಲಿಗೆಯಂತೆ ಹೊರಗೆ ಚಾಚುತ್ತಿತ್ತು. ನಾನು ಒಂದು ಕೈಯಲ್ಲಿ ಪುಸ್ತಕ ಹಿಡಿದು ಓದುತ್ತಲೇ ಇನ್ನೊಂದು ಕೈಯಲ್ಲಿ ಅದನ್ನು ಆನಿಸಿಕೊಳ್ಳುತ್ತಿದ್ದೆ. ಹಾಸ್ಟೆಲ್ಲಿನ ಬಾಗಿಲುಗಳೆಲ್ಲ ಹೀಗೆ ನಮ್ಮ ನಡುಮನೆಗೆ ಬಂದು ನೋಡಿಕೊಂಡೇ ಹೋದವು. ಹೊತ್ತಿಗೆ ಮುಗಿದವು, ಅಂಗಡಿ ಉಳಿಯಿತು. ನಾದಿನಿ ಚೂಡಾಮಣಿಯನ್ನು ನೋಡಲು ಬಂದವರು ಗೋತ್ರ ವಿಚಾರಿಸುತ್ತಿದ್ದಾಗ, ಕೂಗು ಕೇಳಿಯೂ ನಾನು ಏಳಲಾಗದೆ ಕುಳಿತಿದ್ದಾಗ, ಹಲಗೆ ಗಂಡಿನ ತಂದೆಗೂ ಅವರ ಉಪ್ಪಿಟ್ಟಿಗೂ ನಡುವೆ ಬಂತು. ದೊಡ್ಡವರೆಲ್ಲ ಹಿಂದೆ ಸರಿದರು. ಗಂಡು ಮಾತ್ರ ಎದ್ದು ಅದನ್ನು ಹಿಡಿದುಕೊಂಡ. ಚೂಡಾಮಣಿ ನಕ್ಕಳು, ಸಂಬಂಧ ಕುದುರಿತು. ಆ ಮದುವೆ ಮಾಡಿಸಿದವನು ತಾನೇ ಎಂದು ಸಿದ್ದರಾಜು ಕೊನೆಯವರೆಗೂ ಹೇಳಿಕೊಂಡ.

ನಮಗೆ ತೊಂದರೆಯಾಗಬಾರದೆಂದು ತೂತಿಗೆ ಒಂದು ಪುಟ್ಟ ಮುಚ್ಚಳ ಮಾಡಿಕೊಟ್ಟಿದ್ದ. ಚಿಲಕ ನಮ್ಮ ಕಡೆಗೆ. ನಾವು ಅದನ್ನು ಹಾಕಿದವರೇ ಅಲ್ಲ, ಅವನು ಹೋದ ಮೇಲೂ.

ಮಿಲ್ಲಿನವರು ಬಂದು ಮಿಷನ್ನು ಕೇಳಿದರಂತೆ. ನೀಲಮ್ಮ ಕೊಡಲಿಲ್ಲವಂತೆ. ಸೋಮವಾರ ಬೆಳಿಗ್ಗೆ ರಮಾಮಣಿ ಸೆರಗು ಸಿಕ್ಕಿಸಿಕೊಂಡು ಆ ಬೀದಿಗೆ ಹೋದಳು. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆ ಮಿಷನ್ನಿನ ಸದ್ದು ಶುರುವಾಯಿತು. ಹಲಗೆಯ ಬಾಲ ಹಿಡಿದವರು ಯಾರೆಂದು ಆಗ ನನಗೆ ಗೊತ್ತಾಯಿತು.

"ಮೇಷ್ಟ್ರೇ, ಬತ್ತಾ ಅದೆ" ಎಂದಳು ನೀಲಮ್ಮ.

ನಾನು ಪುಸ್ತಕ ಕೆಳಗಿಟ್ಟು, ಎರಡೂ ಕೈ ಚಾಚಿ ನಿಂತೆ.