ಬೆಳಕೋ, ಸೂಜಿಯೋ
ಒಂದು ಗುಂಡಿ ಆರಿಸಲು ಡಬ್ಬಿಯನ್ನೆಲ್ಲ ಸುರುವಿಕೊಂಡು ಕೂರುವವರನ್ನು ನೀವೂ ಕಂಡಿರುತ್ತೀರಿ. ನಮ್ಮ ಟೈಲರಮ್ಮ ಆ ಪೈಕಿ. ಮನೆಯವರು ಗಂಡೆಂದು ಬೆಳೆಸಿದ್ದ ಆಕೆ ನಡುವಯಸ್ಸಿನಲ್ಲಿ ಹೆಣ್ಣಾಗಿ ಬಾಳತೊಡಗಿದಾಗ ಹೆಸರು ಬದಲಾಯಿತು, ಉಡುಪು ಬದಲಾಯಿತು, ಗಡ್ಡ ಮಾತ್ರ ಹಟ ಹಿಡಿದು ಕೂತಿತು. ಅದನ್ನು ಮತ್ತೆ ಬಾರದಂತೆ ತೆಗೆಸಲು ದಾರಿ ಎರಡು. ಲೇಸರ್ ಬೆಳಕು ಬೇಗ ಮುಗಿಸುತ್ತದೆ, ಆದರೆ ಕಪ್ಪು ಕೂದಲನ್ನಷ್ಟೇ ಸುಡುತ್ತದೆ. ಕರೆಂಟು ಹಾಯಿಸುವ ಎಲೆಕ್ಟ್ರಾಲಿಸಿಸ್ ಸೂಜಿ ಬಿಳಿಯದನ್ನೂ ಬಿಡದು, ಆದರೆ ಒಂದೊಂದೇ ಕೂದಲಿನ ಬುಡಕ್ಕಿಳಿಯಬೇಕು. ಆಕೆಯ ಗಡ್ಡವೋ ಅರ್ಧ ಕಪ್ಪು, ಅರ್ಧ ಬಿಳಿ. ಅಳತೆ ತೆಗೆಯುತ್ತಲೇ ಗಿರಾಕಿಗಳನ್ನು, "ನೀವಾಗಿದ್ರೆ ಯಾವುದು ಮಾಡಿಸ್ತಿದ್ರಿ?" ಎಂದು ಕೇಳುವಳು, ಸೂಜಿ ಎಂದವರಿಗೆ ಬೆಳಕಿನ ಗುಣ ಹೇಳುವಳು, ಬೆಳಕು ಎಂದವರಿಗೆ ಸೂಜಿಯದು. "ನೀನು ಆರಿಸೋ ಹೊತ್ಗೆ ಗಡ್ಡ ಪೂರ್ತಿ ನರೆತಿರುತ್ತೆ ಬಿಡು, ಆಗ ಸೂಜಿ ಒಂದೇ ಗತಿ" ಎಂದು ಜೊತೆಗಿರುವ ತಂಗಿ ಕಿಚಾಯಿಸುವಳು. ಎಲ್ಲರೂ ನಗುತ್ತಾರೆ, ಆಕೆಯೂ ನಗುತ್ತಾಳೆ. ನಿಜಕ್ಕೂ ಆಕೆಯ ಮನಸ್ಸು ಸೂಜಿಯನ್ನು ಎಂದೋ ಆರಿಸಿಬಿಟ್ಟಿದೆ. ಆದರೆ ಸೂಜಿಗೆ ಕೂದಲು ಸಿಗಬೇಕಾದರೆ ನಾಲ್ಕು ದಿನ ಕ್ಷೌರ ಮಾಡದೆ ಬೆಳೆಯಬಿಡಬೇಕು. ಆಕೆಯೋ ಹೆಣ್ಣಾದಂದಿನಿಂದ ನಸುಕಿಗೇ ಎದ್ದು ಗಡ್ಡ ಹೆರೆದುಕೊಳ್ಳದೆ ತಂಗಿಗೂ ಮುಖ ತೋರಿಸಿದವಳಲ್ಲ. ಕೊನೆಗೊಮ್ಮೆ ಅಂಗಡಿಗೆ ಬೀಗ ಹಾಕಿ, ಕ್ಷೌರ ನಿಲ್ಲಿಸಿ ಕೋಣೆ ಸೇರಿದಳು. ಮರುದಿನ ಬೆಳಿಗ್ಗೆ ಟವೆಲಿನಲ್ಲಿ ಗಲ್ಲ ಮುಚ್ಚಿಕೊಂಡು ಹೊರಬಂದಾಗ ತಂಗಿ ಕೈ ಚಾಚಿ, "ಆ ಟವೆಲ್ ಇಲ್ಲಿ ಕೊಡು, ಒಗೆಯೋಕೆ ಹಾಕ್ತೀನಿ. ಕಾಫಿ ಆರ್ತಾ ಇದೆ, ಬಾರೇ ಅಕ್ಕ" ಎಂದಳು. ಅಕ್ಕ ಗಲ್ಲದಿಂದ ಟವೆಲ್ ತೆಗೆದು ಕೊಟ್ಟಳು.