ಗುಡುಗಿಗೆ ತೆಗೆದ ಪ್ಲಗ್ಗು

ಮೂವತ್ತನಾಲ್ಕು ವರ್ಷ ಕಂಬ ಹತ್ತಿದವನು ನಾನು. ಬಂಟ್ವಾಳದಲ್ಲಿ ಶುರು, ಆಮೇಲೆ ಬೆಳ್ತಂಗಡಿ, ನಡುವೆ ಐದು ಮಳೆಗಾಲ ಚಾರ್ಮಾಡಿಯ ಬುಡದಲ್ಲಿ, ಕೊನೆಗೆ ಮೂಡಬಿದ್ರೆ. ಲೈನ್‌ಮನ್ ಆಗಿಯೇ ಸೇರಿ ಲೈನ್‌ಮನ್ ಆಗಿಯೇ ನಿವೃತ್ತನಾದೆ, ಅದರಲ್ಲಿ ನನಗೆ ನಾಚಿಕೆ ಏನೂ ಇಲ್ಲ. ಅಂಥವನ ಮನೆಗೇ ಬ್ಯಾಟರಿ ಪೆಟ್ಟಿಗೆ ತರುವ ಮಾತು ಬಂದರೆ ಸಿಟ್ಟು ಬಾರದೆ ಇರ್ತದಾ?

ಮಾತು ತೆಗೆದವಳು ನನ್ನ ಹೆಂಡತಿ. ಮೂವತ್ತು ವರ್ಷ ಬೀಡಿ ಕಟ್ಟಿದವಳು. ಹೊಗೆಸೊಪ್ಪಿನ ಧೂಳೋ, ಒಲೆಯ ಹೊಗೆಯೋ, ಎರಡೂ ಸೇರಿಯೋ, ಅವಳ ಶ್ವಾಸಕೋಶ ಸೋತುಹೋಗಿದೆ. ಹೋದ ವರ್ಷದಿಂದ ಮನೆಯಲ್ಲೇ ಆಕ್ಸಿಜನ್ ಮೆಷಿನ್. ಗಾಳಿಯಿಂದಲೇ ಆಮ್ಲಜನಕ ಸೋಸಿ ನಳಿಗೆಯಲ್ಲಿ ಮೂಗಿಗೆ ಕೊಡುವ ಯಂತ್ರ ಅದು, ಓಡಲಿಕ್ಕೆ ಕರೆಂಟ್ ಬೇಕು. ನಿಂತರೆ ಕಾಲು ಗಂಟೆಯಲ್ಲಿ ಅವಳ ತುಟಿ ನೀಲಿ. ಮನೆಯ ಹಳೆ ಇನ್ವರ್ಟರಿಗೆ ಎರಡು ಫ್ಯಾನ್ ಓಡಿಸಿ ಗೊತ್ತೇ ಹೊರತು ಈ ಭಾರ ಗೊತ್ತಿಲ್ಲ. ಸಿಕ್ಕಿಸಿದ ಕೂಡಲೇ ಕಿರುಚುತ್ತಿತ್ತು.

"ಪವರ್ ಸ್ಟೇಷನ್ ಅಂತ ಒಂದು ಬರ್ತದಂತೆ. ತರಿಸುವ," ಅಂದಳು.

"ಪವರ್ ಸ್ಟೇಷನ್ನಾ! ನಾನು ಕೆಲಸ ಮಾಡಿದ ಸ್ಟೇಷನ್ನಿಗೆ ಎರಡು ಎಕರೆ ಜಾಗ ಬೇಕಿತ್ತು ಮಾರಾಯ್ತಿ. ಕರೆಂಟಿನವನ ಮನೆಯಲ್ಲಿ ಬ್ಯಾಟರಿ ಅಂದರೆ ಊರಿನವರು ಎಲ್ಲಿಂದ ನಗುದು ಗೊತ್ತುಂಟಾ?"

"ನಗುವವರಿಗೆ ಉಸಿರು ಉಂಟು, ನಗಲಿ," ಅಂದಳು. ಬೀಡಿಯ ಪಿ.ಎಫ್. ದುಡ್ಡಿನಲ್ಲಿ ಅವಳೇ ತರಿಸಿದಳು. ಹಳೆ ಕಾಲದ ಟ್ರಂಕಿನ ಅರ್ಧದಷ್ಟು ಪೆಟ್ಟಿಗೆ, ಮೇಲೆ ಹಿಡಿ, ಮುಂದೆ ಪ್ಲಗ್ ಪಾಯಿಂಟು, ಎಷ್ಟು ಚಾರ್ಜ್ ಉಂಟೆಂದು ತೋರಿಸುವ ಸಣ್ಣ ಗಾಜು. ತುಂಬಿದ್ದರೆ ಅವಳ ಮೆಷಿನ್ ಎರಡೂವರೆ ಗಂಟೆ ಓಡ್ತದೆ. ಮೊದಲ ಸಲ ಕರೆಂಟ್ ಹೋದಾಗ ಅದು ಸದ್ದಿಲ್ಲದೆ ಕೆಲಸ ಮಾಡಿತು. ಅವಳು ನನ್ನನ್ನು ಕೆಣಕಲಿಲ್ಲ, ಅದಕ್ಕೆ ನನಗೆ ಸಿಟ್ಟು ಇನ್ನೂ ಏರಿತು.

ಈಗ ನನ್ನ ತಪ್ಪು ಹೇಳ್ತೇನೆ.

ನಮ್ಮ ಕಡೆ ಏಪ್ರಿಲ್ ಮೇ ತಿಂಗಳಲ್ಲಿ ಮಧ್ಯಾಹ್ನ ಕಳೆದರೆ ಗುಡುಗು. ಘಟ್ಟದ ಕಡೆ ಒಂದು ಸಲ ಗುರುಗುಟ್ಟಿತೋ, ಮನೆಮನೆಯಲ್ಲೂ ಒಂದೇ ಕೂಗು: "ಪ್ಲಗ್ ತೆಗಿರಿ!" ಟಿವಿ, ಫ್ರಿಜ್ಜು, ಮಿಕ್ಸಿ, ಎಲ್ಲದರ ಬಾಲವನ್ನೂ ಗೋಡೆಯಿಂದ ಕಿತ್ತು ಹಾಕಿದ ಮೇಲೆಯೇ ನಮ್ಮವರು ಅಂಗಳದ ಬಟ್ಟೆ ತೆಗೆಯಲಿಕ್ಕೆ ಓಡುವುದು. ಸುಟ್ಟ ಮೀಟರ್, ಸುಟ್ಟ ಟಿವಿ ಎಷ್ಟೋ ನೋಡಿದವನು ನಾನು. ಪುತ್ತಿಗೆಯ ನಮ್ಮ ಓಣಿಗೆಲ್ಲ ಈ ಪಾಠ ಹೇಳಿಕೊಟ್ಟವನೂ ನಾನೇ. ಆ ವಾರ ದಿನಾ ಮೂರು ಗಂಟೆಗೆ ಗುಡುಗು. ದಿನಾ ನಾನು ಮನೆಯಿಡೀ ಓಡಾಡಿ ಪ್ಲಗ್ ಕಿತ್ತೆ, ಮೊದಲ ದಿನವೇ ಪೆಟ್ಟಿಗೆಯದ್ದೂ ಕಿತ್ತೆ. ಗುಡುಗು ಹೋದ ಮೇಲೆ ಫ್ರಿಜ್ಜಿಗೆ ಚುಚ್ಚಿದೆ, ಟಿವಿಗೆ ಚುಚ್ಚಿದೆ, ಆಕ್ಸಿಜನ್ ಮೆಷಿನಿಗೆ ಚುಚ್ಚಿದೆ. ಮಂಚದ ಹಿಂದಿದ್ದ ಪೆಟ್ಟಿಗೆ ಮರೆತೇ ಹೋಯಿತು. ಗುಡುಗುವಷ್ಟು ಹೊತ್ತು, ನಡುನಡುವೆ ಕರೆಂಟ್ ಹೋದಾಗೆಲ್ಲ, ಅವಳ ಮೆಷಿನಿಗೆ ಅದು ತನ್ನಲ್ಲಿದ್ದದ್ದನ್ನು ಕೊಡುತ್ತಲೇ ಬಂತು.

"ಪೆಟ್ಟಿಗೆಗೆ ಚುಚ್ಚಿದ್ದೀರಾ?" ಅಂತ ಅವಳು ಕೇಳಿದ್ದಳು. ನಾನು ಪೇಪರಿನಿಂದ ತಲೆ ಎತ್ತದೆ "ಹ್ಞೂಂ" ಅಂದಿದ್ದೆ. ದೀಪದ ಬುಡದಲ್ಲೇ ಕತ್ತಲೆ ಅಂತ ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಶನಿವಾರ ಎರಡು ಗಂಟೆಗೆ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ಜೋರು ಗಾಳಿ, ಎಲ್ಲಿಯೋ ಮರ ಮುರಿದ ಶಬ್ದ, ಕರೆಂಟ್ ಹೋಯಿತು. ಮೆಷಿನ್ನಿನ ವಯರನ್ನು ಪೆಟ್ಟಿಗೆಗೆ ಸಿಕ್ಕಿಸಿ ಗಾಜು ನೋಡಿದೆ. ಇಪ್ಪತ್ತೆರಡು. ನೂರರಲ್ಲಿ ಇಪ್ಪತ್ತೆರಡು! ಮುಕ್ಕಾಲು ಗಂಟೆಯೂ ಬಾರದು. ಸಣ್ಣ ಸಿಲಿಂಡರ್ ಒಂದಿತ್ತು, ತುಂಬಿಸಲಿಕ್ಕೆ ಕೊಟ್ಟದ್ದು ಇನ್ನೂ ಬಂದಿರಲಿಲ್ಲ.

ಆಫೀಸಿಗೆ ಫೋನ್ ಮಾಡಿದೆ. ನನ್ನ ಕೈಕೆಳಗೆ ಕೆಲಸ ಕಲಿತವನೇ ಎತ್ತಿದ. "ಮರ ಲೈನ್ ಮೇಲೆಯೇ ಉಂಟು ಸಾರ್, ಎರಡು ಕಂಬ ಹೋಗಿದೆ. ಸಂಜೆ ಆರು ಗಂಟೆ ಆದೀತು," ಅಂದ.

ಆರು ಗಂಟೆ! ನನಗೆ ಆ ಲೈನಿನ ಒಂದೊಂದು ಕಂಬವೂ ಗೊತ್ತು. ಮರ ಬಿದ್ದ ಭಾಗವನ್ನು ಬೇರೆ ಮಾಡಿ, ಆ ಕಡೆಯ ಲೈನಿನಿಂದ ನಮ್ಮ ಓಣಿಗೆ ಕರೆಂಟ್ ಕೊಡುವುದು ನನಗೆ ಹತ್ತು ನಿಮಿಷದ ಕೆಲಸ. ಅಟ್ಟದಿಂದ ಹಳೆಯ ರಬ್ಬರ್ ಗ್ಲೌಸ್ ಇಳಿಸಿದೆ. ಕಟಿಂಗ್ ಪ್ಲೇಯರ್ ಕಿಸೆಗೆ ಹಾಕಿದೆ.

"ಎಲ್ಲಿಗೆ?" ಅಂದಳು ಒಳಗಿನಿಂದ.

"ಹೀಗೇ, ನೋಡಿಕೊಂಡು ಬರ್ತೇನೆ."

"ಇಲ್ಲಿ ಬನ್ನಿ."

ಹೋದೆ. ಮಂಚದಲ್ಲಿ ನೆಟ್ಟಗೆ ಕೂತಿದ್ದಾಳೆ. ಮೂಗಿನ ನಳಿಗೆಗೆ ಬೆರಳು ಸಿಕ್ಕಿಸಿದ್ದಾಳೆ. "ಅಲ್ಲಿ ಮರ ಕಡಿಯುವ ಮಕ್ಕಳು ಲೈನ್ ಸತ್ತಿದೆ ಅಂತ ಅದನ್ನು ಮುಟ್ಟಿಕೊಂಡು ಇದ್ದಾರೆ. ನೀವು ಯಾರಿಗೂ ಹೇಳದೆ ಇನ್ನೊಂದು ಕಡೆಯಿಂದ ಕರೆಂಟ್ ಕೊಡ್ಲಿಕ್ಕೆ ಹೊರಟದ್ದಲ್ಲವಾ? ಮೂವತ್ತನಾಲ್ಕು ವರ್ಷ ನೀವು ಮನೆಗೆ ಬರುವವರೆಗೆ ನಾನು ಬಾಗಿಲಲ್ಲಿ ಕೂತದ್ದು ಇದಕ್ಕಾ? ಹೊಸ್ತಿಲು ದಾಟಿ ನೋಡಿ, ಇದನ್ನು ಈಗಲೇ ತೆಗೆದಿಡ್ತೇನೆ."

ತೆಗೆಯುವವಳೇ. ನನಗೆ ಅವಳ ಹಟ ಗೊತ್ತಿಲ್ಲವಾ? ಗ್ಲೌಸನ್ನು ಕೆಳಗೆ ಬಿಸಾಡಿದೆ. ಅವಳು ಹೇಳಿದ್ದು ಸತ್ಯ, ಅದಕ್ಕೇ ಅಷ್ಟು ಸಿಟ್ಟು ಬಂದದ್ದು.

"ಹಾಗಾದರೆ ಆಸ್ಪತ್ರೆಗೆ ಹೋಗುವ," ಅಂದೆ.

"ಕರೆಂಟ್ ಹೋದದ್ದಕ್ಕೆ ಅಡ್ಮಿಟ್ ಆಗುದಾ?" ಸ್ವಲ್ಪ ಉಸಿರು ಎಳೆದುಕೊಂಡು ಹೇಳಿದಳು, "ಹಾಲಿನ ಸೊಸೈಟಿಯಲ್ಲಿ ಜನರೇಟರ್ ಉಂಟಲ್ಲ. ಅಲ್ಲಿಗೆ ಹೋಗುವ."

ನಾನು ಅವಳ ಮುಖ ನೋಡಿದೆ. ಈ ನಳಿಗೆ ಬಂದ ಮೇಲೆ ಅವಳು ಆಸ್ಪತ್ರೆಗಲ್ಲದೆ ಗೇಟು ದಾಟಿದವಳಲ್ಲ. ಮದುವೆ ಇಲ್ಲ, ಪೂಜೆ ಇಲ್ಲ. ಯಾರಾದರೂ ಬಂದರೆ ಮಲಗಿದ್ದಾಳೆ ಅಂತ ಹೇಳಿಸುತ್ತಿದ್ದಳು. ಮೂಗಿಗೆ ಹಗ್ಗ ಹಾಕಿದ ಎಮ್ಮೆಯ ಹಾಗೆ ಕಾಣ್ತೇನೆ ಅಂತ ಅತ್ತಿದ್ದಳು ಒಮ್ಮೆ. ಅಂಥವಳು ಸೊಸೈಟಿಗೆ ಬರ್ತೇನೆ ಅನ್ನುತ್ತಾಳೆ, ಅದೂ ಸಂಜೆಯಾದರೆ ಊರಿಡೀ ಹಾಲು ತರುವ ಜಾಗಕ್ಕೆ.

ಪಕ್ಕದ ಮನೆಯವನ ರಿಕ್ಷಾ ಅಂಗಳದಲ್ಲೇ ಇತ್ತು. ಮೆಷಿನ್ ಅವಳ ಕಾಲ ಬಳಿ, ಪೆಟ್ಟಿಗೆ ನನ್ನ ತೊಡೆಯ ಮೇಲೆ. ಹದಿನಾಲ್ಕು. ಗುಂಡಿ ತಪ್ಪಿಸು ಅಂತ ರಿಕ್ಷಾದವನಿಗೆ ಬೈದೆ, ನಿಧಾನ ಆಯಿತು ಅಂತಲೂ ಬೈದೆ. "ಎರಡರಲ್ಲಿ ಒಂದು ಹೇಳಿ ಮಾರಾಯ್ರೇ," ಅಂದ ಅವನು. ಸೊಸೈಟಿ ಮುಟ್ಟುವಾಗ ಒಂಬತ್ತು.

ಹಾಲಿನ ಟ್ಯಾಂಕು ತಣ್ಣಗಿರಬೇಕೆಂದು ಜನರೇಟರ್ ಓಡುತ್ತಾ ಇತ್ತು. ಲೆಕ್ಕ ಬರೆಯುವ ಹೆಂಗಸು ಒಂದು ಮಾತೂ ಕೇಳಲಿಲ್ಲ. ಹಾಲಿನ ಫ್ಯಾಟ್ ನೋಡುವ ಮೆಷಿನಿನ ಪ್ಲಗ್ ತೆಗೆದು ಅಲ್ಲಿ ನಮ್ಮದನ್ನು ಹಾಕಿಸಿದಳು, ಪಕ್ಕದ ಪಾಯಿಂಟಿಗೆ ಪೆಟ್ಟಿಗೆ, ಹೆಂಡತಿಗೆ ತನ್ನದೇ ಕುರ್ಚಿ. ನಾನು ಹಾಲಿನ ಕ್ಯಾನಿನ ಮೇಲೆ ಕೂತೆ. ಆಗ ನನಗೆ ಅಳು ಬಂತು. ಜನರೇಟರಿನ ಹೊಗೆ ಅಂತ ಹೇಳಿ ಮುಖ ಒರೆಸಿಕೊಂಡೆ.

ನಾಲ್ಕೂವರೆಯಿಂದ ಜನ ಬರಲಿಕ್ಕೆ ಶುರು. ಒಬ್ಬೊಬ್ಬರೂ ಬಾಗಿಲಲ್ಲಿ ಒಂದು ಕ್ಷಣ ನಿಂತು ನಳಿಗೆ ನೋಡಿ, ಆಮೇಲೆ ಬೇರೆ ಎಲ್ಲಿಯೋ ನೋಡುತ್ತಿದ್ದರು. ಅವಳು ತಲೆ ತಗ್ಗಿಸಲಿಲ್ಲ, ಸೆರಗನ್ನೂ ಮುಖಕ್ಕೆ ಎಳೆದುಕೊಳ್ಳಲಿಲ್ಲ. ಹಿಂದೆ ಅವಳ ಜೊತೆ ಬೀಡಿ ಕಟ್ಟುತ್ತಿದ್ದವಳೊಬ್ಬಳು ಹಾಲಿನ ಪಾತ್ರೆ ಕೈಯಲ್ಲೇ ಹಿಡಿದು ನಿಂತುಬಿಟ್ಟಳು.

"ಅಯ್ಯೋ, ನೀನಾ? ಸತ್ತೇ ಹೋದೆ ಅಂತ ಮಾಡಿದ್ದೆ ಮಾರಾಯ್ತಿ!"

"ಸಾಯ್ಲಿಕ್ಕೆ ಪುರುಸೊತ್ತು ಎಲ್ಲುಂಟು?" ಅಂದಳು ನನ್ನವಳು. ಇಬ್ಬರೂ ನಕ್ಕರು. ನಕ್ಕು ಕೆಮ್ಮು ಬಂತು, ಕೆಮ್ಮು ನಿಂತ ಮೇಲೆ ಮತ್ತೆ ನಕ್ಕರು. ಅವಳು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕೇಳದೆ ಒಂದು ವರ್ಷ ಆಗಿತ್ತು. ಯಾರ ಮನೆಯಲ್ಲಿ ಹೆರಿಗೆ, ಸೊಸೆ ಹೇಗೆ, ಯಾರ ದನ ಕರು ಹಾಕಿತು, ಎಲ್ಲ ಸುದ್ದಿಯೂ ಮುಗಿಯಿತು.

ಐದೂಮುಕ್ಕಾಲಿಗೆ ಫೋನ್ ಬಂತು. "ಕರೆಂಟ್ ಕೊಟ್ಟಿದ್ದೇವೆ ಸಾರ್." ನಾನು ಎದ್ದು ವಯರ್ ಸುತ್ತಲಿಕ್ಕೆ ಬಗ್ಗಿದೆ.

"ಪೆಟ್ಟಿಗೆ ಎಷ್ಟಾಯಿತು?" ಅಂದಳು.

"ತುಂಬಿದೆ. ನೂರು."

"ಹಾಗಾದರೆ ಮನೆಗೆ ಬೇಡ. ಮೂಡಬಿದ್ರೆಗೆ ಹೋಗುವ. ತಂಗಿಯ ಮಗಳು ಹೆತ್ತು ಮೂರು ತಿಂಗಳಾಯಿತು, ಮಗುವಿನ ಮುಖ ನೋಡಿಲ್ಲ ನಾನು."

"ಇವತ್ತು ಸುಸ್ತಾಗಿದೆ ನಿನಗೆ. ನಾಳೆ ಹೋಗುವ, ನಾನೇ ಕರೆದುಕೊಂಡು ಹೋಗ್ತೇನೆ," ಅಂದೆ.

ಅವಳು ರಿಕ್ಷಾದವನನ್ನು ಕೈ ಬೀಸಿ ಕರೆದಳು. ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನಾಳೆ ನೀವು ಚುಚ್ಚಲಿಕ್ಕೆ ಮರೆತರೆ?"

ನಾನು ಪೆಟ್ಟಿಗೆ ಎತ್ತಿ ರಿಕ್ಷಾದಲ್ಲಿ ಇಟ್ಟೆ.